ಕೊನೆಯ ಚುಕ್ಕಿ

ಮೂರು ವರ್ಷಗಳಿಂದ ಕಾಣೆಯಾಗಿದ್ದ ನನ್ನ ತಮ್ಮ ನಂಜುಂಡ ಸತ್ತಿದ್ದಾನೆಂದು ಗೊತ್ತಾದದ್ದು ಮೊನ್ನೆ ಸೋಮವಾರ, ಸರ್ಕಾರಿ ಕಚೇರಿಯೊಂದರ ಕಂಪ್ಯೂಟರಿನ ಮುಂದೆ.

"ಪೆನ್ಷನ್ನಿಗೆ ಕೊಟ್ಟಿದ್ದ ಬೆರಳಚ್ಚೂ ಶವಾಗಾರದಲ್ಲಿ ತೆಗೆದ ಬೆರಳಚ್ಚೂ ಒಂದೇ, ತಾತ," ಎಂದಳು ಎಂಜಿನಿಯರ್ ಹುಡುಗಿ. ಪರದೆಯ ಮೇಲೆ ಎರಡು ಚುಕ್ಕಿಗಳ ನಡುವೆ ಗೆರೆ ಮೂಡಿತ್ತು. "ಲಾರಿ ಅಪಘಾತ. ಅವರು ಕಾಣೆಯಾದ ವಾರದಲ್ಲೇ. ವಾರಸುದಾರರು ಸಿಗದೆ ಅನಾಥ ಶವ ಅಂತ ಸುಡೋಕೆ ಕಳ್ಸಿದ್ದಾರೆ."

"ಈ ಮಾಹಿತಿ ನಿಮಗೆ ಯಾವಾಗ ಬಂತು?"

"ಆಗಿನಿಂದ್ಲೂ ಎಲ್ಲ ಇಲಾಖೆಗಳ ಮಾಹಿತಿ ಬಂದು ಬೀಳೋ ನಮ್ಮ ಡೇಟಾ ಲೇಕ್‌ನಲ್ಲೇ ಇತ್ತು. ಒಂದೊಂದು ಇಲಾಖೆದು ಒಂದೊಂದು ಕೋಷ್ಟಕ. ಅವುಗಳ ಮಧ್ಯದ ನಂಟು ಹುಡುಕೋ ಗ್ರಾಫ್ ಪದರನ ಈಗ ಕೂರಿಸಿದ್ವಿ."

"ಅಂದ್ರೆ, ನಾನು ಠಾಣೆ ಮೆಟ್ಟಿಲು ಸವೆಸ್ತಿದ್ದಾಗ್ಲೂ ಅವನು ಇಲ್ಲೇ ಇದ್ದ. ಪಕ್ಕದ ಕೋಷ್ಟಕ ಮುಟ್ಟೋಕೆ ನಿಮಗೇನು ಮೈಲಿಗೆ ಆಗ್ತಿತ್ತಾ?"

ಅವಳ ಮೇಲಧಿಕಾರಿ ಎದ್ದು ಬಂದ. "ಸಮಾಧಾನ ಮಾಡ್ಕೊಳ್ಳಿ ಯಜಮಾನ್ರೇ."

"ನೀವು ಸುಮ್ನಿರಿ ಸ್ವಾಮಿ. ಒಡಹುಟ್ಟಿದ ನಾನು ಬದುಕಿರುವಾಗ ಅವನನ್ನ ಅನಾಥ ಅಂತ ಸುಟ್ಟೋನು ಯಾರು? ಮುಖದ ಬಟ್ಟೆನಾದ್ರೂ ಸರಿಸಿ ನೋಡಿದನಾ ಆ ಪಾಪಿ? ಹೆಸರು ತೋರ್ಸಮ್ಮ."

ಅವಳು ಸ್ಮಶಾನದ ಕೋಷ್ಟಕವನ್ನೂ ಸೇರಿಸಿ ಹುಡುಕಿದಳು. ಇನ್ನೊಂದು ಗೆರೆ ಮೂಡಿತು. ಕೊನೆಯ ಚುಕ್ಕಿಯನ್ನು ನೋಡಿ ಅವಳ ಕೈ ನಿಂತಿತು.

"ಓದಮ್ಮ."

"ತಾತ, ಇದು ನಿಮ್ಮ ಹೆಸರು."

ತಮ್ಮ ಕ್ಷೇಮವಾಗಿ ಮರಳಲೆಂದು ಹರಕೆ ಹೊತ್ತು, ಅವನು ಕಾಣೆಯಾದಂದಿನಿಂದ ನಾನು ದಿಕ್ಕಿಲ್ಲದ ಶವಗಳಿಗೆ ಕೊಳ್ಳಿ ಇಡುತ್ತಿದ್ದೆ. ಪ್ರತಿ ಚಿತೆಯ ಮುಂದೆಯೂ ಕೈಮುಗಿದು, 'ಯಾವ ತಾಯಿಯ ಮಗನೋ, ಭಗವಂತ ನಿನಗೆ ಶಾಂತಿ ಕೊಡಲಿ' ಎನ್ನುತ್ತಿದ್ದೆ.

ಪರದೆಯ ಮುಂದೆ ಕೈಮುಗಿದೆ.

"ನಮ್ಮಮ್ಮನ ಮಗನೇ, ಭಗವಂತ ನಿನಗೆ ಶಾಂತಿ ಕೊಡಲಿ."