ಹದಿನೈದನೆಯ ತಪ್ಪು

“ಸರ್, ಇದು ನಿಮ್ಮ ಅಕ್ಷರಾನಾ?” ಎಂದು ಸರ್ವೀಸ್ ಸೆಂಟರಿನ ಕೌಂಟರಿನಾಕೆ ಒಂದು ಕಾಗದವನ್ನು ನನ್ನ ಮುಂದಿಟ್ಟರು. ಕಾಗದ ಅವರದೇ, ಅದರ ಮೇಲಿನ ಕೆಂಪು ಶಾಯಿ ಮಾತ್ರ ನನ್ನದು. ಅಲ್ಲ ಎನ್ನುವ ಹಾಗಿರಲಿಲ್ಲ. ಪಕ್ಕದಲ್ಲೇ ಹೆಂಡತಿ ನಿಂತಿದ್ದಳು. ಅವಳ ಸಾಮಾನಿನ ಚೀಟಿಗಳನ್ನೂ ನಾನು ಮದುವೆಯಾದಾಗಿನಿಂದ ಇದೇ ಶಾಯಿಯಲ್ಲಿ ತಿದ್ದಿಕೊಂಡು ಬಂದಿದ್ದೇನೆ.

ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಹಿಂದಿನಿಂದ ಎಲ್ಲರೂ ನನ್ನನ್ನು ‘ಒತ್ತಕ್ಷರ’ ಎನ್ನುತ್ತಾರೆಂದು ಗೊತ್ತು. ಸುಳ್ಳೇಕೆ, ಒಳಗೊಳಗೇ ಖುಷಿಯೂ ಇದೆ. ಕಾರು ಕಾಗದದ ಮೇಲೆ ನನ್ನದು, ಓಡಿಸುವವಳು ಹೆಂಡತಿ. ನಾನು ಪಕ್ಕದಲ್ಲಿ ಕೂತು ದಾರಿಯ ಬೋರ್ಡುಗಳಲ್ಲಿ ತಪ್ಪು ಹುಡುಕುತ್ತೇನೆ. ಬೋರ್ಡು ಕಂಡಾಗಲೆಲ್ಲ ಅವಳು “ಎಷ್ಟು?” ಅನ್ನುತ್ತಾಳೆ, ನಾನು ಎಣಿಸಿ ಹೇಳುತ್ತೇನೆ. ನಮ್ಮ ಸಂಸಾರದಲ್ಲಿ ಮಾತುಕತೆ ಇಲ್ಲವೆಂದು ಯಾರೂ ಹೇಳುವ ಹಾಗಿಲ್ಲ.

ನಾಲ್ಕು ತಿಂಗಳ ಹಿಂದೆ ಈ ಕಾಗದ ಬಂದಾಗ ನನ್ನ ಕೈ ತುರಿಸಿತು. ತಲೆಬರಹವೇ ‘ವಾಹನ ಮರುಕರೆ’ ಎಂದಿತ್ತು. ‘ಕಾರೇನು ಫೋನೇ?’ ಎಂದು ಅಂಚಿನಲ್ಲಿ ಗೀಚಿದೆ. ಸಾಲುಸಾಲಿಗೂ ಅಲ್ಪಪ್ರಾಣ, ಮಹಾಪ್ರಾಣಗಳ ಕಲಸುಮೇಲೋಗರ. ಹದಿನಾಲ್ಕು ತಪ್ಪು ಹಿಡಿದು, ಕೆಳಗೆ ‘ಇಂಥ ಭಾಷೆ ಬರೆಯುವವರು ಎಂಥ ಕಾರು ಮಾಡುತ್ತೀರಿ?’ ಎಂದು ಕುಟುಕಿ, ಲಕೋಟೆಯ ಮೇಲಿದ್ದ ವಿಳಾಸಕ್ಕೇ ವಾಪಸು ಕಳಿಸಿದೆ. ಅದಕ್ಕೆ ನನ್ನದೇ ಅಂಚೆಚೀಟಿ ಬೇರೆ.

ಕಳೆದ ವಾರ ಎರಡನೆಯ ಕಾಗದ ಬಂತು. ನನ್ನ ಹದಿನಾಲ್ಕು ತಿದ್ದುಪಡಿಗಳೂ ಅದರಲ್ಲಿ ಚಾಚೂ ತಪ್ಪದೆ ಇದ್ದವು. ತಪ್ಪೇ ಇಲ್ಲದ ಕಾಗದದಲ್ಲಿ ನನಗೇನು ಕೆಲಸ? ಬೀಗುತ್ತ ಮಡಚಿ ಟಿವಿ ಪಕ್ಕದಲ್ಲಿಟ್ಟೆ. ಹೆಂಡತಿ ಅದನ್ನು ತೆಗೆದು ಓದಿದಳು. ಕಾಗದ ಬಂದರೆ ಓದುವುದು, ಅದೊಂದು ಅಭ್ಯಾಸ ಅವಳಿಗೆ. ಆಗಿಂದಾಗಲೇ ಫೋನ್ ಮಾಡಿ ಇವತ್ತಿನ ದಿನ ಗೊತ್ತುಮಾಡಿದಳು.

ಕೌಂಟರಿನಾಕೆ ಚಾಸಿಸ್ ನಂಬರನ್ನು ಕಂಪ್ಯೂಟರಿಗೆ ಹಾಕಿ, ಹೌದು, ನಿಮ್ಮ ಕಾರೂ ಪಟ್ಟಿಯಲ್ಲಿದೆ ಎಂದರು. ಸ್ಟೇರಿಂಗಿನೊಳಗೆ ಏರ್‌ಬ್ಯಾಗ್ ಉಬ್ಬಿಸುವ ಒಂದು ಲೋಹದ ಡಬ್ಬಿ ಇರುತ್ತದಂತೆ. ಕೆಲವು ಕಾರುಗಳಲ್ಲಿ, ಡಿಕ್ಕಿಯಾದಾಗ ಅದು ಸಿಡಿದು, ಚೂರುಗಳು ಓಡಿಸುವವರ ಮುಖಕ್ಕೇ ಹಾರಬಹುದಂತೆ. ತಪ್ಪು ಕಂಪನಿಯದು, ಅದಕ್ಕೇ ಅಂಥ ಕಾರುಗಳನ್ನೆಲ್ಲ ವಾಪಸು ಕರೆಸಿ, ಹೊಸ ಡಬ್ಬಿ ಹಾಕಿ ಕೊಡುತ್ತಾರೆ. ವಾರಂಟಿ ಮುಗಿದಿದ್ದರೂ, ಕಾರು ಬೇರೆಯವರ ಕೈಗೆ ಹೋಗಿದ್ದರೂ ಒಂದು ಕಾಸೂ ಕೊಡಬೇಕಾಗಿಲ್ಲ. ಪುಸ್ತಕ ಅಚ್ಚಾದ ಮೇಲೆ ನಾವೂ ತಪ್ಪು-ಒಪ್ಪುಗಳ ಚೀಟಿ ಅಂಟಿಸುತ್ತೇವಲ್ಲ, ಹಾಗೆ ಎಂದು ನಾನು ಜಾಣತನ ತೋರಿಸಹೋದೆ. ಆಕೆ ನಕ್ಕರು. ಹೆಂಡತಿ ನಗಲಿಲ್ಲ, ಅವಳು ಕೆಂಪು ಶಾಯಿಯ ಕಾಗದವನ್ನು ಓದುತ್ತಿದ್ದಳು.

“ಇದು ಯಾವಾಗ ಬಂದಿದ್ದು?” ಎಂದು ಕೇಳಿದಳು.

“ನಾಲ್ಕು ತಿಂಗಳಾಯ್ತು ಮೇಡಂ,” ಎಂದರು ಆಕೆ. “ಎಂಥ ಕಾರು ಮಾಡ್ತೀರಿ ಅಂತ ಸರ್ ಕೆಳಗಡೆ ಕೇಳಿದಾರೆ. ಅದಕ್ಕೆ ಉತ್ತರ ಅಲ್ಲೇ ಇತ್ತು. ಮೂರನೇ ಸಾಲು ನೋಡಿ.”

ಹೆಂಡತಿ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಕಾಗದವನ್ನು ನನ್ನ ಕಡೆ ತಿರುಗಿಸಿದಳು. ‘ಛಾಲಕರ ಪ್ರಾನಕ್ಕೆ ಅಪಾಯವಿದೆ’ ಎಂದು ಅಚ್ಚಾಗಿತ್ತು. ನಾನು ‘ಛಾ’ ಹೊಡೆದು ‘ಚಾ’ ಮಾಡಿದ್ದೆ, ‘ನ’ ಹೊಡೆದು ‘ಣ’ ಮಾಡಿದ್ದೆ. ಆಮೇಲೆ ನಾಲ್ಕು ತಿಂಗಳು, ದಿನಾ ಎರಡು ಹೊತ್ತು, ಆ ಚಾಲಕಿಯ ಪಕ್ಕದಲ್ಲೇ ಕೂತು ಅಂಗಡಿ ಬೋರ್ಡು ಓದಿಕೊಂಡು ಓಡಾಡಿದ್ದೆ. ಅಲ್ಪಪ್ರಾಣ ನೋಡಿದೆ, ಮಹಾಪ್ರಾಣ ನೋಡಿದೆ, ಹೆಂಡತಿಯ ಪ್ರಾಣ ಒಂದನ್ನು ನೋಡಲಿಲ್ಲ.

“ಹದಿನೈದನೇ ತಪ್ಪು ನಂದು ಕಣೇ,” ಎಂದೆ. ನನ್ನ ತಪ್ಪನ್ನು ನಾನೇ ಹಿಡಿದದ್ದು ಅದೇ ಮೊದಲು.

“ಲೆಕ್ಕ ಹಾಕೋದು ಬಿಡಿ,” ಎಂದಳು ಅವಳು. “ಮೊದ್ಲು ಕೂತ್ಕೊಳ್ಳಿ, ಮುಖ ಬಿಳಿಚಿಕೊಂಡಿದೆ.”

ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಮೆಕ್ಯಾನಿಕ್ ಹಳೆಯ ಡಬ್ಬಿಯನ್ನು ತಂದು ತೋರಿಸಿದ. ಪ್ರೆಸ್ಸಿನಲ್ಲಿ ಸೀಲು ಹಾಕುವ ಶಾಯಿ ಪ್ಯಾಡಿನಷ್ಟೇ ಅಗಲ. ಅವಳು ಅದನ್ನು ಬಹಳ ಹೊತ್ತು ನೋಡಿದಳು, ನನಗೆ ನೋಡಲಾಗಲಿಲ್ಲ. ಕೌಂಟರಿನಾಕೆ ಸಹಿಗೆಂದು ಕೊಟ್ಟ ಕಾಗದದಲ್ಲಿ, ಮೊತ್ತದ ಜಾಗದಲ್ಲಿ, ‘ಉಛಿತ’ ಎಂದಿತ್ತು. ನಾಚಿಕೆಗೆಟ್ಟ ಕೈ, ತಾನಾಗೇ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಹೆಂಡತಿ ತನ್ನ ನೀಲಿ ಪೆನ್ನನ್ನು ಮುಂದೆ ಹಿಡಿದಳು. ಬಾಯಿ ಮುಚ್ಚಿಕೊಂಡು ಸಹಿ ಮಾಡಿದೆ.

ಮನೆಯ ದಾರಿಯ ತಿರುವಿನಲ್ಲಿ ಹೊಸದಾಗಿ ನೆಟ್ಟ ಹಳದಿ ಬೋರ್ಡೊಂದು ಎದುರಾಯಿತು: ‘ಮುಂದೆ ಶಾಲೆ ಇದೆ, ನಿದಾನವಾಗಿ ಛಲಿಸಿ.’ ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು.

“ಎಷ್ಟು?” ಎಂದಳು.

“ಮುಂದೆ ಶಾಲೆ ಇದೆ,” ಎಂದೆ. “ನಿಧಾನ ಹೋಗು.”