ಹಾಸ್ಯದ ಪುಸ್ತಕದೊಳಗಿನ ಹುಡುಗಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳು ನಾನು ಅರಸೀಕೆರೆಯ ಲೈಬ್ರರಿಯಲ್ಲೇ ಬಿದ್ದಿದ್ದೆ. ಆಗಲೂ ಈಗಿನಂತೆಯೇ, ಪುಟ ತೆರೆದರೆ ಅದನ್ನು ಹಿಂದೆ ಓದಿದವರ ದನಿ ಸುತ್ತ ಇದ್ದವರಿಗೆಲ್ಲ ಕೇಳುತ್ತಿತ್ತು. ಪತ್ತೇದಾರಿ ಕಾದಂಬರಿಯಲ್ಲಿ ಯಾರೋ ಪುಣ್ಯಾತ್ಮ ಕೊಲೆಗಾರನ ಹೆಸರನ್ನು ಮೊದಲೇ ಕೂಗಿ ನನ್ನ ಮಜಾ ಕೆಡಿಸಿದ. ದೆವ್ವದ ಕಥೆಗಳಲ್ಲಿ ಇನ್ನೊಬ್ಬ ಆಂಜನೇಯನನ್ನು ಜಪಿಸುತ್ತಲೇ ಇದ್ದ. ಪ್ರವಾಸಕಥನದ ತುಂಬ ಬರೀ ಆಕಳಿಕೆ.

ಕೊನೆಗೊಂದು ಹಳೇ ಹಾಸ್ಯದ ಪುಸ್ತಕ ತೆರೆದೆ. ಹುಡುಗಿಯೊಬ್ಬಳು ಬಿದ್ದು ಬಿದ್ದು ನಕ್ಕಳು. ಲೈಬ್ರರಿಯ ಪುಟ್ಟಸ್ವಾಮಯ್ಯನವರು ತಲೆಯೆತ್ತಿದರು.

"ನಿಮ್ಮಮ್ಮ ಕಣಮ್ಮ ಅದು. ಸದ್ದು ಮಾಡ್ತಾಳೆ ಅಂತ ಎಷ್ಟು ಸಲ ಆಚೆಗೆ ಕಳಿಸಿದ್ದೆ!"

ನನಗೆ ನಂಬಿಕೆ ಬರಲಿಲ್ಲ. ಅಮ್ಮ ಬಾಯಿ ತುಂಬ ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. ಪುಸ್ತಕವನ್ನು ಮನೆಗೆ ತಂದೆ. ಅಮ್ಮ ಅಡುಗೆಮನೆಯಲ್ಲಿ ಹಪ್ಪಳ ಒತ್ತುತ್ತಿದ್ದಳು. ಪಕ್ಕದಲ್ಲಿ ಕೂತು ಅದೇ ಪುಟ ತೆರೆದೆ. ನಗು ಅಡುಗೆಮನೆಯ ತುಂಬ ಹರಡಿತು.

ಅಮ್ಮನ ಕೈ ನಿಂತಿತು. ನಗು ಮುಗಿಯುವವರೆಗೂ ಕಿವಿಗೊಟ್ಟು ಕೇಳಿದಳು.

"ಯಾರೇ ಈ ಹುಡುಗಿ? ಎಷ್ಟು ಚೆನ್ನಾಗಿ ನಗ್ತಾಳೆ!" ಎಂದು ಮತ್ತೆ ಲಟ್ಟಣಿಗೆ ಹಿಡಿದಳು. "ಈಗ ಯಾರ ಮನೆ ಬೆಳಗ್ತಿದ್ದಾಳೋ, ಪುಣ್ಯವಂತರು."