ಒಂದು ಚಿಟಿಕೆ ನೋವು

ನೀಲವ್ವನ ಪಾದ ಉಳುಕಿದ ಸುದ್ದಿ ಕೇಳಿ, ಕಬಡ್ಡಿ ಫೈನಲ್ ದಿನ ಮುಂಜಾನೆಯೇ ಓಣಿಗೆ ಓಣಿಯೇ ಅವಳ ಬಾಗಿಲಲ್ಲಿ ಸಾಲುಗಟ್ಟಿತು. ಎಲ್ಲ ಆಟಗಾರರಿಗೂ ಮಾಡುವಂತೆ ಒಬ್ಬೊಬ್ಬರೂ ಅವಳ ಪಾದ ಮುಟ್ಟಿ, ಚಿಟಿಕೆ ಚಿಟಿಕೆ ನೋವನ್ನು ತಮ್ಮ ಕಾಲಿಗೆ ಇಳಿಸಿಕೊಂಡು, ಕುಂಟುತ್ತ ನಗುತ್ತ ಮೈದಾನಕ್ಕೆ ನಡೆದರು.

ಅಲ್ಲಿ ರೆಫರಿ ಅವಳ ಪಾದ ಒತ್ತಿ ನೋಡಿದರು. "ನೋಯ್ತೈತೇನವಾ?"

"ಇಲ್ರೀ ಸರ್, ಒಂದೀಟೂ ಇಲ್ಲ!"

"ಹಂಗಾರ ಆಡಂಗಿಲ್ಲ. ಚೂರರ ನೋವು ಇರಬೇಕು. ಇಲ್ಲಾಂದ್ರ ಕಾಲು ಮುರಿದ್ರೂ ನಿನಗ ಗೊತ್ತಾಗಂಗಿಲ್ಲ."

ನೀಲವ್ವ ಜನರತ್ತ ಓಡಿದಳು. "ಯಾರರ ಒಂದು ಚಿಟಿಕೆ ವಾಪಸ್ ಕೊಡ್ರೀ!" ಯಾರೂ ಕೊಡಲೊಲ್ಲರು. ಹಾಲು ಮಾರುವ ಗಂಗಕ್ಕನಂತೂ ಕಾಲನ್ನು ಸೀರೆಯೊಳಗೆ ಬಚ್ಚಿಟ್ಟುಕೊಂಡಳು. "ಗೆದ್ದ ಮ್ಯಾಲ ನಾನೂ ಕುಂಟಿದ್ದೆ ಅಂತ ಊರೆಲ್ಲಾ ಹೇಳಬೇಕವಾ!"

ಇನ್ನೇನು ಸೀಟಿ ಊದಬೇಕು, ಎದುರು ತಂಡದ ನಾಯಕಿ ಕಸ್ತೂರಿ ಕುಂಟುತ್ತ ಬಂದಳು. "ತಗೋ, ನನ್ನ ಕಡೆ ಐತಿ."

"ನೀ ಯಾವಾಗ ತಗೊಂಡಿ?"

"ಮುಂಜಾನೆ ತಲಿಮ್ಯಾಲ ದುಪಟ್ಟಾ ಹೊದ್ಕೊಂಡು ಸಾಲಿನ್ಯಾಗ ನಿಂತಿದ್ದೆ. ನೀ ಆಡಲಿಲ್ಲಂದ್ರ ನಾ ಯಾರನ್ನ ಸೋಲಸ್ಲಿ?" ಅರ್ಧ ಕೊಟ್ಟು, ಅರ್ಧ ತಾನೇ ಇಟ್ಟುಕೊಂಡಳು. "ಈಗ ಸರಿಸಮ ಆತು, ಬಾ."

ನಗು ತಡೆಯಲಾರದೆ ಇಬ್ಬರೂ ಒಂದೇ ಬದಿಗೆ ವಾಲುತ್ತ ಅಂಕಣಕ್ಕಿಳಿದರು.